ದೈವಭಕ್ತಿಯೂ ಪ್ರಭುಭಕ್ತಿಯೂ

ಪ್ರಜಾಪ್ರಭುತ್ವವು ನಮ್ಮಲ್ಲಿ ಆಳವಾಗಿ ಬೇರು ಬಿಡದಿರುವುದಕ್ಕೆ ನಮ್ಮ ಜನರ ದೈವಭಕ್ತಿಯೇ ಮೂಲಕಾರಣವೆಂಬ ಮಾತು ವಿದ್ಯಾವಂತರ ನಾಲಗೆಯ ಮೇಲೆ ಈಚೆಗೆ ಎಷ್ಟು ಸಲೀಸಾಗಿ ಹೊರಳುತ್ತಿದೆಯೆಂದರೆ, ಅದನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕೆಂಬ ಅಪೇಕ್ಷೆಯೇ ಯಾರಲ್ಲಿಯೂ ಉಳಿದಂತೆ ತೋರುವುದಿಲ್ಲ. ಗುಡಿಯ ಮುಂದೆ ಅಡ್ಡಬೀಳುವುದನ್ನು ಬಾಲ್ಯದಿಂದಲೇ ಅಭ್ಯಾಸ ಮಾಡಿಕೊಂಡವನು ಪ್ರಭುವಿನ ಮುಂದೆಯೂ ಅಡ್ಡಬೀಳದೆ ಇರಲಾರನು. ಮೇಲೊಬ್ಬ ಒಡೆಯನಿದ್ದಾನೆಂದು ನಂಬಿದವನಿಗೆ ಕೆಳಗೂ ಒಡೆಯರಿಲ್ಲದೆ ನಿದ್ರೆ ಬಾರದು. ಆದುದರಿಂದ ಸಮಾನತೆ ಬೇಕೆನ್ನುವವನು ಮೊದಲು ದೇವರನ್ನು ಬಿಡತಕ್ಕದ್ದು: ಇದು ಅವರ ತರ್ಕ. ಇವರಿಗೆ ನೇರವಾಗಿ ಇದಿರು ನಿಂತಿರುವೆನೆಂದು ತಿಳಿದುಕೊಂಡಿರುವ ಇನ್ನೊಂದು ಪಕ್ಷವೂ ಉಂಟು. ದೇವರ ಕೆಳಗೆ ಅರಸು, ಅರಸಿನ ಕೆಳಗೆ ಊರ ಯಜಮಾನ, ಯಜಮಾನನ ಕೆಳಗೆ ಮನೆಯ ಗಂಡಸು, ಅವನ ಕೆಳಗೆ ಹೆಂಗಸು, ಎಲ್ಲರ ಕೆಳಗೆ ಹೊಲಗೇರಿ ಎಂಬ ಈ ಏಣಿಯೇ ಸೃಷ್ಟಿಕ್ರಮವೆಂದೂ, ನಾಯಕತ್ವವು ದೈವದತ್ತವಾದ ವರವೆಂದೂ, ಮತಪೆಟ್ಟಿಗೆಯು ಆ ವರವನ್ನು ಲೋಕಕ್ಕೆ ಸಾರುವ ಒಂದು ಉಪಚಾರಮಾತ್ರವೆಂದೂ ಇವರು ನಂಬಿದ್ದಾರೆ. ಏಣಿಯನ್ನು ಮುರಿಯಬೇಕಾದರೆ ದೇವರನ್ನು ಕೈಬಿಡು ಎಂದು ಮೊದಲಿನವರು ಹೇಳಿದರೆ, ದೇವರು ಬೇಕಾದರೆ ಏಣಿಯನ್ನು ಹೊತ್ತುಕೋ ಎಂದು ಎರಡನೆಯವರು ಹೇಳುತ್ತಾರೆ. ದೇವರೂ ಏಣಿಯೂ ಒಂದನ್ನೊಂದು ಬಿಟ್ಟಿರಲಾರವೆಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಪೂರ್ಣವಾದ ಏಕಾಭಿಪ್ರಾಯ. ಆ ಏಕಾಭಿಪ್ರಾಯವೇ ಸುಳ್ಳೆಂಬುದು ನನ್ನ ಪ್ರತಿಜ್ಞೆ.

ಈ ವಾದವನ್ನು ಆಕಾಶದಲ್ಲಿ ನಡೆಸುವ ಇಚ್ಛೆ ನನಗಿಲ್ಲ. ನನ್ನ ಸೀಮೆಯಾದ ಚಾಮರಾಜನಗರ, ಗುಂಡ್ಲುಪೇಟೆಗಳನ್ನೇ ಎರಡು ಪಕ್ಷದವರೂ ದೃಷ್ಟಾಂತವಾಗಿ ಎತ್ತಿಕೊಂಡಿರುವುದರಿಂದ, ಇಲ್ಲಿಯ ನೆಲದ ಮೇಲೆಯೇ ಅವರಿಗೆ ಉತ್ತರ ಹೇಳುವುದು ನ್ಯಾಯ.

ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿಯು ಅಧಿಕಾರ ಕಳೆದುಕೊಳ್ಳುವನೆಂಬ ಪ್ರತೀತಿಯನ್ನು ಕೇಳದ ಕನ್ನಡಿಗರು ವಿರಳ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್. ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಐವರ ಹೆಸರುಗಳನ್ನು ಸಾಲಾಗಿ ಹೇಳಿ, ಇವರೆಲ್ಲರೂ ಬಂದರು, ಇವರೆಲ್ಲರೂ ಹೋದರು ಎಂದು ಮುಗಿಸಿಬಿಡುವುದು ಈ ಪ್ರತೀತಿಯ ಪದ್ಧತಿ. ವಿಚಾರವಾದಿಯು ಇದನ್ನು ಹಳ್ಳಿಯ ಜನರ ದೈವಭೀತಿಗೆ ಸಾಕ್ಷಿಯಾಗಿ ಉದಾಹರಿಸುತ್ತಾನೆ. ಏಣಿಯ ಭಕ್ತನು ಅಧಿಕಾರವೆಂಬುದು ಮಾನುಷಪ್ರಯತ್ನಕ್ಕೆ ಮೀರಿದ್ದೆಂಬುದಕ್ಕೆ ಉದಾಹರಿಸುತ್ತಾನೆ. ಆ ಐವರು ಹೇಗೆ ಹೋದರೆಂಬುದನ್ನು ವಿಚಾರಿಸುವ ಶ್ರಮವನ್ನು ಇಬ್ಬರೂ ತೆಗೆದುಕೊಳ್ಳುವುದಿಲ್ಲ.

ಅರಸು ಅವರು 1979ರಲ್ಲಿ ತಮ್ಮ ಪಕ್ಷದ ವರಿಷ್ಠೆಯೊಡನೆ ಮುರಿದುಕೊಂಡರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 27 ಆ ವರಿಷ್ಠೆಯ ಪಾಲಾಗಲು ಶಾಸಕರು ಗಾಳಿ ಬಂದ ಕಡೆಗೆ ತೂರಿಕೊಂಡರು. ಗುಂಡೂರಾಯರ ಕಾಲದಲ್ಲಿ ನರಗುಂದ, ನವಲಗುಂದಗಳ ರೈತರ ಮೇಲೆ ಗುಂಡು ಹಾರಿತು, ಗೋಕಾಕ್ ಚಳವಳಿಯು ನಾಡನ್ನು ಅಲುಗಾಡಿಸಿತು. 1983ರಲ್ಲಿ ಮತದಾರರೇ ಅವರನ್ನು ಕೆಳಗಿಳಿಸಿದರು. ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ಆಪಾದನೆಯ ಮೇಲೆ. ವೀರೇಂದ್ರ ಪಾಟೀಲರು 1989ರಲ್ಲಿ 224ರಲ್ಲಿ 178 ಸ್ಥಾನಗಳನ್ನು ಗೆದ್ದ ಪಕ್ಷದ ನಾಯಕರಾಗಿದ್ದೂ, ಮರುವರ್ಷದ ಅಕ್ಟೋಬರಿನಲ್ಲಿ, ರೋಗಶಯ್ಯೆಯಲ್ಲಿದ್ದಾಗ, ದೆಹಲಿಯಿಂದ ಬಂದ ಪಕ್ಷಾಧ್ಯಕ್ಷರು ವಿಮಾನನಿಲ್ದಾಣದಲ್ಲಿ ಆಡಿದ ಮಾತಿನಿಂದ ಪದಚ್ಯುತರಾದರು. ಇವುಗಳಲ್ಲಿ ಯಾವುದಕ್ಕೆ ಶಾಪ ಬೇಕು? ಒಂದೊಂದರ ಹಿಂದೆಯೂ ಕೈಯುಂಟು, ಕೈಗೆ ಹೆಸರುಂಟು, ದಿನಾಂಕವುಂಟು.

ಬೊಮ್ಮಾಯಿಯವರ ವಿಷಯವನ್ನು ನಾನು ಬೇಕೆಂದೇ ಕಡೆಗಿಟ್ಟುಕೊಂಡೆ. ಶಾಪದ ಮಾತು ಪ್ರಜಾಪ್ರಭುತ್ವಕ್ಕೆ ಎಂತಹ ದ್ರೋಹವೆಂಬುದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ. 1989ರ ಏಪ್ರಿಲ್ 21ರಂದು, ವಿಧಾನಸಭೆಯಲ್ಲಿ ತಮ್ಮ ಬಹುಮತವನ್ನು ತೋರಿಸಲು ಅವರಿಗೆ ಅವಕಾಶವನ್ನೇ ಕೊಡದೆ, ರಾಜ್ಯಪಾಲರ ವರದಿಯನ್ನು ಮುಂದಿಟ್ಟುಕೊಂಡು ಸರಕಾರವನ್ನು ವಜಾ ಮಾಡಲಾಯಿತು. ಅವರು ಅದನ್ನು ಗ್ರಹಚಾರವೆಂದು ಸುಮ್ಮನಾಗಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿದರು. 1994ರ ಮಾರ್ಚಿ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು, ಮಂತ್ರಿಮಂಡಲದ ಬಹುಮತವನ್ನು ಅಳೆಯಬೇಕಾದ ಸ್ಥಳ ಸದನವೇ ಹೊರತು ರಾಜ್ಯಪಾಲರ ಮನಸ್ಸಲ್ಲವೆಂದು ತೀರ್ಮಾನ ಕೊಟ್ಟಿತು. ಇಂದಿಗೂ ಭಾರತದ ಯಾವ ಮೂಲೆಯ ರಾಜ್ಯ ಸರಕಾರವನ್ನು ಅನ್ಯಾಯವಾಗಿ ಕೆಡವಲು ಹೊರಟರೂ ಆ ಕನ್ನಡಿಗನ ಹೆಸರಿನ ತೀರ್ಪು ಅಡ್ಡ ಬರುತ್ತದೆ. ಹೀಗಿರಲು, ಅವರ ಪದಚ್ಯುತಿಗೆ ಚಾಮರಾಜನಗರದ ಮಣ್ಣು ಕಾರಣವೆನ್ನುವವನು ಮಾಡುವ ಕೆಲಸವೇನು? ಅಪರಾಧವನ್ನು ಮಾಡಿದವರಿಂದ ಬಿಡಿಸಿ, ಏನೂ ಅರಿಯದ ಒಂದು ಊರಿನ ತಲೆಗೆ ಕಟ್ಟುತ್ತಾನೆ.

ಈ ಊರಿಗೆ ಬಾರದೆ ಉಳಿದವರೇನು ಚಿರಂಜೀವಿಗಳಾದರೆ? ಕರ್ನಾಟಕದ ಮುಖ್ಯಮಂತ್ರಿಗಳಲ್ಲಿ ಅವಧಿ ಪೂರೈಸದೆ ಇಳಿದವರೇ ಹೆಚ್ಚು. ಇತ್ತ 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ಧರಾಮಯ್ಯನವರು ಆ ವರ್ಷವೇ ಪಟ್ಟಣಕ್ಕೆ ಬಂದರು, ಮತ್ತೆ ಮತ್ತೆ ಬಂದರು, ಮತ್ತು ಐದು ವರ್ಷಗಳನ್ನೂ ಪೂರ್ತಿಯಾಗಿ ಆಳಿದರು; ಅರಸು ಅವರ ತರುವಾಯ ಹಾಗೆ ಅವಧಿ ಪೂರೈಸಿದವರು ಬೇರೊಬ್ಬರಿರಲಿಲ್ಲ. 2022ರ ಡಿಸೆಂಬರಿನಲ್ಲಿ ಬೊಮ್ಮಾಯಿಯವರ ಮಗನೂ ಮುಖ್ಯಮಂತ್ರಿಯಾಗಿ ಇಲ್ಲಿಗೆ ಬಂದುಹೋದರು.

ಆದರೆ ಪ್ರತೀತಿಯು ಸುಳ್ಳೆಂದು ತೋರಿಸುವುದಷ್ಟೇ ನನ್ನ ಉದ್ದೇಶವಲ್ಲ. ಅದನ್ನು ನಂಬಿದವರು ಯಾರೆಂಬುದೇ ಇಲ್ಲಿ ಮುಖ್ಯ. ರಾಗಿ, ಜೋಳ, ಅರಿಸಿನ ಬೆಳೆಯುವ ನಮ್ಮ ರೈತನು, ಮುಖ್ಯಮಂತ್ರಿಯು ಬಾರದಿರಲೆಂದು ಎಂದಾದರೂ ಹರಕೆ ಹೊತ್ತಿದ್ದನೆ? ಅವನು ಬೇಡಿದ್ದು ಬರಲೆಂದೇ: ಕೆರೆಗೆ ನೀರು ಬೇಕು, ಕಾಡಂಚಿನ ಹೊಲಕ್ಕೆ ಆನೆಯಿಂದ ರಕ್ಷಣೆ ಬೇಕು, ಬಂದು ನೋಡಿ ಎಂದೇ. ಈ ಭೀತಿಯು ಹುಟ್ಟಿದ್ದು, ಬೆಳೆದದ್ದು, ಪಾಲಿಸಲ್ಪಟ್ಟದ್ದು ರಾಜಧಾನಿಯ ಬಂಗಲೆಗಳಲ್ಲಿ. 1997ರ ಆಗಸ್ಟ್ 15ರಂದು ಮೈಸೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯು ಅಸ್ತಿತ್ವಕ್ಕೆ ಬಂದಾಗ, ಅಂದಿನ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಅದರ ಉದ್ಘಾಟನೆಯನ್ನು ಜಿಲ್ಲಾಕೇಂದ್ರವಾದ ಚಾಮರಾಜನಗರದಲ್ಲಿ ನಡೆಸದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಸಿದರು. ಒಂದು ಜಿಲ್ಲೆಯು ತನ್ನ ಹುಟ್ಟುದಿನದಂದೇ ತನ್ನ ಕೇಂದ್ರಪಟ್ಟಣವನ್ನು ಅಪಶಕುನವೆಂದು ಎಣಿಸಿದ್ದನ್ನು ಕಾಣಬೇಕಾಯಿತು. ಇದನ್ನು ಜನರ ಮೌಢ್ಯವೆಂದು ಕರೆಯುವುದು ಎಷ್ಟು ದೊಡ್ಡ ಅನ್ಯಾಯ!

ಇನ್ನು, ಇದು ದೈವಭಕ್ತಿಯೆ? ಈ ಶಾಪವನ್ನು ಕೊಟ್ಟ ದೇವರು ಯಾವನು? ಮಹದೇಶ್ವರನನ್ನು ಹಾಡುವ ಕಂಸಾಳೆಯವರ ಕಾವ್ಯದಲ್ಲಿ ಅದರ ಸುಳಿವಿಲ್ಲ, ಮಂಟೇಸ್ವಾಮಿಯನ್ನು ಹಾಡುವ ನೀಲಗಾರರ ಹಾಡಿನಲ್ಲಿ ಅದರ ಸೊಲ್ಲಿಲ್ಲ. ಈ ನಂಬಿಕೆಯಲ್ಲಿ ದೇವರ ಪಾತ್ರವೇ ಇಲ್ಲ. ಇರುವುದು ಕುರ್ಚಿ ಮತ್ತು ಕುರ್ಚಿಯನ್ನು ಕಳೆದುಕೊಳ್ಳುವ ಭಯ. ಆ ಕುರ್ಚಿಯನ್ನು ಕೊಟ್ಟವರು ಮತದಾರರಲ್ಲ, ಕಸಿಯುವವರೂ ಮತದಾರರಲ್ಲ, ಕಾಪಾಡಿಕೊಳ್ಳಬೇಕಾದದ್ದು ಕರ್ತವ್ಯಪಾಲನೆಯಿಂದಲ್ಲ, ಒಂದು ದಿಕ್ಕಿಗೆ ಪಯಣ ಮಾಡದಿರುವುದರಿಂದ: ಪ್ರಜೆಯನ್ನು ಲೆಕ್ಕದಿಂದಲೇ ತೆಗೆದುಹಾಕುವ ಇಂತಹ ಅಧಿಕಾರಮೀಮಾಂಸೆಯು ನಾಸ್ತಿಕನಿಗೂ ಒಪ್ಪುವಂಥದು. ನಿಜವಾಗಿ ದೇವರನ್ನು ನಂಬಿದವನು ಕುರ್ಚಿಯನ್ನು ಅಷ್ಟು ದೊಡ್ಡದೆಂದು ಎಣಿಸಲಾರ. ದಶಕಗಳ ಕಾಲ ಆಳುವವರ ಕಣ್ಣಿಗೆ ಬೀಳದ ಜಿಲ್ಲೆಯ ಗತಿಯೇನಾಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2021ರ ಮೇ 2ರ ರಾತ್ರಿಯಿಂದ 3ರವರೆಗೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರುಗಳಿಗಾಗಿ ಮೈಸೂರಿನ ದಾರಿ ಕಾಯುತ್ತಿದ್ದ ಆ ಹೊತ್ತಿನಲ್ಲಿ, 24 ಮಂದಿ ರೋಗಿಗಳು ಪ್ರಾಣ ಬಿಟ್ಟರು. ಆ ಸಾವುಗಳನ್ನು ಶಾಪದ ಭಯವೇ ತಂದಿತೆಂದು ನಾನು ಹೇಳುವುದಿಲ್ಲ. ಆದರೆ ಶಾಪವೆಂಬ ಮಾತನ್ನು ಈ ಊರಿನೊಡನೆ ಸೇರಿಸಿ ಆಡುವವನು, ಆ ರಾತ್ರಿಯ ಹೊಣೆ ಮನುಷ್ಯರದೆಂಬುದನ್ನು ಮರೆಯಿಸುವ ಕೆಲಸಕ್ಕೆ ತಿಳಿದೋ ತಿಳಿಯದೆಯೋ ನೆರವಾಗುತ್ತಾನೆ.

ದೇವರ ಹೆಸರನ್ನು ಅರಸರು ತಮ್ಮ ಸಿಂಹಾಸನಕ್ಕೆ ಊರೆಗೋಲಾಗಿ ಬಳಸಿಲ್ಲವೆ ಎಂದು ಕೇಳುವಿರಾದರೆ, ಧಾರಾಳವಾಗಿ ಬಳಸಿದ್ದಾರೆ. ಅರಿಕುಠಾರವೆಂಬ ಹಳೆಯ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರಿಟ್ಟರು; 1826ರಲ್ಲಿ ಕಟ್ಟಿಸಿದ ದೇವಾಲಯದ ಈಶ್ವರನಿಗೂ ಅದೇ ಹೆಸರನ್ನಿಟ್ಟು ಚಾಮರಾಜೇಶ್ವರನೆಂದರು. ಗುಂಡ್ಲುಪೇಟೆಯಲ್ಲಿ ಅವರಿಗಿಂತ ಒಂದೂವರೆ ಶತಮಾನ ಮೊದಲು ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣೆಗಾಗಿ ಪರವಾಸುದೇವನ ಗುಡಿಯನ್ನೆತ್ತಿಸಿದರು. ಪಿತೃಭಕ್ತಿಯನ್ನು ನಾನು ನಿಂದಿಸುವವನಲ್ಲ. ಆದರೆ ಅದೇ ಚಿಕ್ಕದೇವರಾಜರ ಆಳಿಕೆಯಲ್ಲಿ ಹೊಸ ಹೊಸ ಕಂದಾಯಗಳ ಭಾರಕ್ಕೆ ಬೇಸತ್ತ ರೈತರು ನೇಗಿಲುಗಳನ್ನು ಊರಬಾಗಿಲಿನ ಮರಗಳಿಗೆ ನೇತುಹಾಕಿ ಉಳುಮೆ ನಿಲ್ಲಿಸಿದರೆಂದೂ, ಅವರ ಬೆನ್ನಿಗೆ ನಿಂತ ಜಂಗಮರನ್ನು ನಂಜನಗೂಡಿಗೆ ಕರೆಸಿ ನಾನೂರು ಮಂದಿಯ ತಲೆ ತೆಗೆಸಲಾಯಿತೆಂದೂ ವಿಲ್ಕ್ಸನು ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಸಂಖ್ಯೆಯ ವಿಷಯದಲ್ಲಿ ವಿದ್ವಾಂಸರು ಚರ್ಚಿಸಿಕೊಳ್ಳಲಿ; ನಮಗೆ ಬೇಕಾದದ್ದು ಬೇರೆ. ಅರಸನೂ ದೈವಭಕ್ತ, ಅವನಿಗೆ ಇದಿರಾಗಿ ರೈತರನ್ನು ಎತ್ತಿನಿಲ್ಲಿಸಿದವರೂ ದೈವಭಕ್ತರು. ಭಕ್ತಿಯು ತಾನಾಗಿಯೇ ಪ್ರಭುವಿನ ಕಾಲ ಬುಡಕ್ಕೆ ಎಳೆದೊಯ್ಯುವಂತಿದ್ದರೆ ಈ ಜಂಗಮರು ನಂಜನಗೂಡಿನಲ್ಲಿ ಸಾಯಬೇಕಾಗಿರಲಿಲ್ಲ.

ಮತ್ತು ಮಹದೇಶ್ವರನನ್ನು ನೋಡಿ. ಅವನ ಭಕ್ತರಾದ ದೇವರಗುಡ್ಡರು ರಾತ್ರಿಯಿಡೀ ಕಂಸಾಳೆಯ ತಾಳಕ್ಕೆ ಹಾಡುವ ಕಾವ್ಯದಲ್ಲಿ ಅವನ ಮೊದಲ ದೊಡ್ಡ ಕಾರ್ಯ ಯಾವುದು? ಶ್ರವಣನೆಂಬ ದೊರೆಯ ಸಂಹಾರ. ಆ ಶ್ರವಣನು ದೇವಾನುದೇವತೆಗಳನ್ನೇ ತನ್ನ ಊಳಿಗಕ್ಕೆ ಹಚ್ಚಿಕೊಂಡಿದ್ದವನು. ಅಂದರೆ ಪ್ರಭುವು ದೇವರನ್ನೇ ಆಳಾಗಿ ಮಾಡಿಕೊಳ್ಳುವ ಅಪಾಯವನ್ನು ಅಕ್ಷರವರಿಯದ ನಮ್ಮ ಕವಿಗಳು, ನಮ್ಮ ರಾಜ್ಯಶಾಸ್ತ್ರಜ್ಞರಿಗಿಂತ ಎಷ್ಟೋ ಮೊದಲೇ ಕಂಡಿದ್ದರು. ಅವನನ್ನು ಕೊಲ್ಲಲು ಮಹದೇಶ್ವರನು ಸೈನ್ಯ ಕಟ್ಟಲಿಲ್ಲ. ಚಮ್ಮಾರನಾದ ಹರಳಯ್ಯನ ಕೈಯಿಂದ ಪಾದರಕ್ಷೆಗಳನ್ನು ಮಾಡಿಸಿದನು, ಆ ಪಾದರಕ್ಷೆಗಳಿಂದಲೇ ದೊರೆಯ ಅಂತ್ಯವಾಯಿತು. ಏಣಿಯ ಕಟ್ಟಕಡೆಯ ಮೆಟ್ಟಿಲಿನವನ ಕೈಗೆಲಸದಿಂದ ಮೊದಲ ಮೆಟ್ಟಿಲಿನವನು ಉರುಳಿದನು.

ಅದೇ ಕಾವ್ಯದ ಸಂಕಮ್ಮನ ಸಾಲು ಇನ್ನೂ ಹತ್ತಿರದ್ದು, ಇನ್ನೂ ತೀಕ್ಷ್ಣವಾದದ್ದು. ಸೋಲಿಗರ ನೀಲೇಗೌಡನು ಹೆಜ್ಜೇನಿನ ಮಲೆಗೆ ಹೊರಡುವ ಮುನ್ನ, ತಾನಿಲ್ಲದಾಗ ನಡತೆಗೆಡುವುದಿಲ್ಲವೆಂದು ಬಲಗೈ ಭಾಷೆ ಕೊಡುವಂತೆ ಹೆಂಡತಿಯನ್ನು ಕೇಳುತ್ತಾನೆ. ತಾಯಿತಂದೆಯ ಮನೆಯಲ್ಲಿ ಕೊಡದ ಭಾಷೆಯನ್ನು ಇಲ್ಲಿಯೂ ಕೊಡಲಾರೆನೆಂದು ಅವಳು ನಿರಾಕರಿಸುತ್ತಾಳೆ. ಆತನು ಅವಳನ್ನು ಹಿಂಸಿಸಿ, ಮಾಟದಲ್ಲಿ ಕಟ್ಟಿ, ಗುಡಿಸಲಲ್ಲಿ ಕೆಡವಿ ಹೋಗುತ್ತಾನೆ. ದೇವರು ಯಾರ ಕಡೆಗೆ ಬಂದನು? ಕಟ್ಟಿದ ಯಜಮಾನನ ಕಡೆಗಲ್ಲ, ಭಾಷೆ ಕೊಡದೆ ಬಿದ್ದಿದ್ದ ಹೆಂಗಸಿನ ಕಡೆಗೆ. ಕಟ್ಟು ಬಿಚ್ಚಿದನು, ಮಕ್ಕಳ ವರ ಕೊಟ್ಟನು. ಹುಟ್ಟಿದ ಕಾರಯ್ಯ, ಬಿಲ್ಲಯ್ಯರು ಅವನ ಶರಣರಾದರು. ದೇವರು, ಅವನ ಕೆಳಗೆ ಗಂಡ, ಅವನ ಕೆಳಗೆ ಹೆಂಡತಿ ಎಂದು ಸಾಲು ಕಟ್ಟುವವರು ಈ ಕಥೆಯನ್ನು ಒಮ್ಮೆ ಬೆಟ್ಟದ ಮೇಲೆ ಕೂತು ಕೇಳಬೇಕು. ಕುರುಬರು, ಸೋಲಿಗರು, ಬೇಡಗಂಪಣರು, ಹೊಲೆಮಾದಿಗರು, ಲಿಂಗಾಯತರು, ಎಲ್ಲರೂ ತಮ್ಮ ಮಾದಪ್ಪನೆಂದು ಏಕವಚನದಲ್ಲಿ ಕೂಗುವ ಈ ದೇವರ ಮುಂದೆ ನಿಂತು ಬಂದವನಿಗೆ, ಕೆಳಗಿಳಿದ ಮೇಲೆ ಒಬ್ಬ ಮಂತ್ರಿಯನ್ನು ದೇವರೆಂದು ಕರೆಯಬೇಕಾದ ಅಗತ್ಯವೇನು?

ನನ್ನ ಪ್ರತಿಪಕ್ಷಿಯ ಬಲವಾದ ಬಾಣ ಇನ್ನೂ ಬತ್ತಳಿಕೆಯಲ್ಲಿದೆಯೆಂಬುದನ್ನು ನಾನು ಬಲ್ಲೆ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಮಹಿಳೆಯೊಬ್ಬರು ತೊಂಬೆಯ ನೀರು ಕುಡಿದರೆಂದು, ಇದ್ದ ನೀರನ್ನೆಲ್ಲ ಹೊರಚೆಲ್ಲಿ ಗೋಮೂತ್ರದಿಂದ ಆ ತೊಂಬೆಯನ್ನು ತೊಳೆದರು. 2019ರ ಜೂನಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ವೀರನಪುರದ ಬಳಿ, ದೇವಸ್ಥಾನದ ಆವರಣಕ್ಕೆ ಬಂದ ದಲಿತ ಯುವಕನನ್ನು ಬೆತ್ತಲೆಗೊಳಿಸಿ, ಹೊಡೆದು, ರಸ್ತೆಯಲ್ಲಿ ನಡೆಸಿದರು. ಪಕ್ಕದ ಬದನವಾಳಿನಲ್ಲಿ 1993ರಲ್ಲಿ ಗುಡಿಯ ಪ್ರವೇಶದ ಜಗಳವು ಮೂವರು ದಲಿತರ ಕೊಲೆಯಲ್ಲಿ ಮುಗಿಯಿತು. ಇದೆಲ್ಲ ದೇವರ ಹೆಸರಿನಲ್ಲಿಯೇ ನಡೆಯಿತಲ್ಲವೆ ಎಂದರೆ, ಹೌದು, ನಡೆಯಿತು. ಅದನ್ನು ಮುಚ್ಚಿಡುವ ಆಸ್ತಿಕನು ಆಸ್ತಿಕನಲ್ಲ. ಆದರೆ ಇವುಗಳಲ್ಲಿ ಕಾಪಾಡಲ್ಪಟ್ಟದ್ದು ಏನೆಂಬುದನ್ನು ನೋಡಬೇಕು. ಹೆಗ್ಗೊಠಾರದ ತೊಂಬೆಯಲ್ಲಿ ಯಾವ ದೇವರೂ ಪ್ರತಿಷ್ಠಿತನಾಗಿರಲಿಲ್ಲ. ಸರಕಾರದ ಹಣದಿಂದ ಕಟ್ಟಿದ, ಎಲ್ಲರ ಕುಡಿಯುವ ನೀರಿನ ತೊಟ್ಟಿ ಅದು. ಅಲ್ಲಿ ಮೈಲಿಗೆಯಾದದ್ದು ಮೇಲುಜಾತಿಯೆಂಬ ಹೆಮ್ಮೆಗೆ. ಪೂಜೆಯನ್ನೆಲ್ಲ ಬಿಟ್ಟ ಮನೆಗಳಲ್ಲಿಯೂ ಆ ಹೆಮ್ಮೆಯು ಕುಂದದೆ ಉಳಿದಿರುವುದನ್ನು, ಪಟ್ಟಣದ ಬಾಡಿಗೆಮನೆ ಹುಡುಕುವ ದಲಿತ ಯುವಕನನ್ನು ಕೇಳಿದರೆ ಆತನೇ ಹೇಳುತ್ತಾನೆ. ದೇವರನ್ನು ತೆಗೆದುಹಾಕಿದರೆ ಏಣಿಯು ತಾನಾಗಿ ಬೀಳುತ್ತದೆಂಬುದು ಅನುಭವಕ್ಕೆ ವಿರುದ್ಧವಾದ ಮಾತು.

ಏಣಿಯನ್ನು ದೇವರ ಅಂಗಳದೊಳಗೇ ಕೆಡವಲು ಯತ್ನಿಸಿದವರು ಈ ಸೀಮೆಯಲ್ಲಿ ಆಗಿಹೋಗಿದ್ದಾರೆ. ಕಲ್ಯಾಣದ ಸಮತೆಯನ್ನೂ ಪರೀಕ್ಷಿಸಿ ನೋಡಿದ ಮಂಟೇಸ್ವಾಮಿಯ ಪರಂಪರೆಯಲ್ಲಿ, ಚಿಕ್ಕಲ್ಲೂರಿನ ಜಾತ್ರೆಯು ಪ್ರತಿ ಜನವರಿಯ ಹುಣ್ಣಿಮೆಗೆ ಚಂದ್ರಮಂಡಲೋತ್ಸವದಿಂದ ಮೊದಲಾಗುತ್ತದೆ. ಬಟ್ಟೆ ಸುತ್ತಿದ ಬಿದಿರಿನ ಮಂಡಲಕ್ಕೆ ಬೆಂಕಿ ಹೊತ್ತಿಸಿ, ಜ್ವಾಲೆ ವಾಲಿದ ದಿಕ್ಕಿಗೆ ಮಳೆಬೆಳೆ ಚೆನ್ನೆಂದು ನೋಡುತ್ತಾರೆ. ನಾಲ್ಕನೆಯ ದಿನ ಪಂಕ್ತಿಸೇವೆ: ನೂರಾರು ಬಿಡಾರಗಳಲ್ಲಿ ಅಡಿಗೆಯಾಗಿ, ಅಲ್ಲಿಯ ದೈವವಾದ ಸಿದ್ಧಪ್ಪಾಜಿಗೆ ಎಡೆಯಿಟ್ಟು, ಹಲವು ಜಾತಿಯವರು ಸಾಲಾಗಿ ಕುಳಿತು ಉಣ್ಣುತ್ತಾರೆ. ಇಲ್ಲಿಯೂ ಗದ್ದಿಗೆಯು ಒಂದು ಅರಸು ಮನೆತನದಲ್ಲಿ ವಂಶಪಾರಂಪರ್ಯವಾಗಿ ಬಂದಿದೆ, ಹಾಡುವ ನೀಲಗಾರರು ಬಹುಮಟ್ಟಿಗೆ ಕೆಳಗೇರಿಗಳವರಾಗಿದ್ದಾರೆ. ಏಣಿಯು ಎಲ್ಲಿಯೂ ಸುಲಭವಾಗಿ ಸಾಯುವುದಿಲ್ಲ. ಆದರೆ ಅದನ್ನು ಪ್ರಶ್ನಿಸುವ ಹಾಡು ಆ ಜಾತ್ರೆಯಲ್ಲಿಯೇ ಇದೆ.

ನಾಯಕರ ವಿಷಯವಾಗಿ ಒಂದೆರಡು ಮಾತು. ನಾಯಕರೇ ಬೇಡವೆಂಬ ಹುಚ್ಚುವಾದವನ್ನು ನಾನು ಹೂಡುತ್ತಿಲ್ಲ. ಗುಂಡ್ಲುಪೇಟೆಯು ಕೆ. ಎಸ್. ನಾಗರತ್ನಮ್ಮನವರನ್ನು ಮತ್ತೆ ಮತ್ತೆ ಆರಿಸಿ ಕಳುಹಿಸಿತು. 1972ರಲ್ಲಿ ಅವರು ವಿಧಾನಸಭೆಯ ಪ್ರಥಮ ಮಹಿಳಾ ಸಭಾಧ್ಯಕ್ಷರಾದರು. ಗಂಡಸರ ಆ ಸಭೆಯನ್ನು ನಿಯಮದ ಹಿಡಿತದಲ್ಲಿ ನಡೆಸುವ ಅಧಿಕಾರ ಅವರಿಗೆ ಬಂದದ್ದು ಜನರ ಮತದಿಂದ. ಭಕ್ತಿಯು ಧರ್ಮದಲ್ಲಿ ಆತ್ಮೋದ್ಧಾರದ ಮಾರ್ಗವಾದೀತು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ಹಾದಿಯೆಂಬ ಎಚ್ಚರಿಕೆಯನ್ನು ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಕೊಟ್ಟರು. ಅವರು ಅಲ್ಲಿ ಖಂಡಿಸಿದ್ದು ಭಕ್ತಿಯು ತನ್ನ ಸ್ಥಾನ ಬಿಟ್ಟು ಮನುಷ್ಯನ ಮೇಲೆ ಬೀಳುವುದನ್ನು. ನಾಯಕನ ಚಿತ್ರಪಟಕ್ಕೆ ಹಾಲೆರೆಯುವವನೂ, ಮಂತ್ರಿಯ ಕಾರಿನ ಮುಂದೆ ಮಂಡಿಯೂರುವವನೂ ದೇವರಿಗೆ ಸಲ್ಲಬೇಕಾದದ್ದನ್ನು ಕದ್ದು ಬೇರೆಯವರಿಗೆ ಕೊಡುತ್ತಿದ್ದಾನೆ. ಆಸ್ತಿಕರೇ ಮೊದಲು ಅದನ್ನು ತಡೆಯಬೇಕು.

ಪ್ರಜೆಯ ಒಂದು ಮತ ಎಷ್ಟು ತೂಗುತ್ತದೆಂಬುದನ್ನು ತೋರಿಸಿಕೊಟ್ಟದ್ದೂ ಈ ಜಿಲ್ಲೆಯೇ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು, ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳು ಬಿದ್ದವು. ಯಾವ ಜಾತಿಯ, ಯಾವ ಕೇರಿಯ, ಎಷ್ಟು ಎಕರೆಯ ಮನುಷ್ಯನ ಮತದಿಂದ ಆ ಗೆಲವು ಬಂದಿತೆಂದು ಯಾರೂ ಹೇಳಲಾರರು. ಮತದಾರನು ಮುನಿದರೂ ಅದು ಲೆಕ್ಕಕ್ಕೆ ಬರುತ್ತದೆ: 2024ರ ಏಪ್ರಿಲ್ 26ರಂದು ಮಹದೇಶ್ವರ ಬೆಟ್ಟದ ಆಸುಪಾಸಿನ ಕಾಡೂರಾದ ಇಂಡಿಗನತ್ತದಲ್ಲಿ ಮೂಲಸೌಕರ್ಯಗಳಿಲ್ಲವೆಂದು ಬಹಿಷ್ಕಾರವೆದ್ದು, ಕಡೆಗೆ ಮತಯಂತ್ರವೇ ಒಡೆಯಿತು, 29ರಂದು ಮರುಮತದಾನ ಮಾಡಿಸಬೇಕಾಯಿತು. ಯಂತ್ರವನ್ನು ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಬೆಟ್ಟದ ದೇವರ ದರ್ಶನಕ್ಕೆ ಎಷ್ಟೊಂದು ಮಂತ್ರಿಗಳು ಹತ್ತಿಳಿದಿದ್ದಾರೆ, ಪಕ್ಕದ ಊರಿನ ದಾರಿಯನ್ನು ಅವರಲ್ಲಿ ಎಷ್ಟು ಮಂದಿ ಕಂಡರು?

ಈ ಸೀಮೆಯ ಆಸ್ತಿಕರಲ್ಲಿಯೂ ನಾಸ್ತಿಕರಲ್ಲಿಯೂ ನನ್ನದೊಂದೇ ವಿಜ್ಞಾಪನೆ. ಆಳುವವರು ಯಾವ ಪಕ್ಷದವರೇ ಆಗಿರಲಿ, ವರ್ಷಕ್ಕೊಮ್ಮೆಯಾದರೂ, ಬೆಟ್ಟದ ಮೇಲಲ್ಲ, ಚಾಮರಾಜನಗರ ಪಟ್ಟಣದಲ್ಲಿಯೇ, ಹಾರತುರಾಯಿಗಳಿಲ್ಲದೆ, ಅಹವಾಲು ತಂದವರ ಸಮಕ್ಕೆ ಕುರ್ಚಿ ಹಾಕಿಕೊಂಡು ಕುಳಿತು ಲೆಕ್ಕ ಒಪ್ಪಿಸಬೇಕೆಂದು ನಾವೆಲ್ಲರೂ ಕೂಡಿ ಕೇಳೋಣ. ಮತ್ತು ಆ ಸಭೆಯಲ್ಲಿ ಮೊದಲ ಸರದಿಯನ್ನು 2021ರ ಮೇ ತಿಂಗಳ ಆ 24 ಮನೆಗಳವರಿಗೆ ಬಿಟ್ಟುಕೊಡೋಣ.